ಸತ್ತ ದರೋಡೆಕೋರ ನಮ್ಮತ್ತ ಗುಂಡು ಹಾರಿಸುವುದೇಕೆ?

ಎಡ್ವಿನ್ ಎಸ್. ಪೋರ್ಟರ್ ಅವರು ಎಡಿಸನ್ ಕಂಪನಿಗಾಗಿ 1903ರಲ್ಲಿ ತೆಗೆದ ‘ದಿ ಗ್ರೇಟ್ ಟ್ರೇನ್ ರಾಬರಿ’ ಎಂಬ ಸುಮಾರು 12 ನಿಮಿಷದ ಮೂಕಿ ಚಿತ್ರವನ್ನು ನನ್ನ ಒತ್ತಾಯಕ್ಕೆ ನೋಡಿದವರೆಲ್ಲ ಕೇಳುವುದು ಒಂದೇ ಪ್ರಶ್ನೆ. ಕಾಡಿನ ಕಾಳಗದಲ್ಲಿ ರೈಲು ದರೋಡೆಕೋರರೆಲ್ಲ ಸತ್ತುಬಿದ್ದ ಮೇಲೂ ಅವರ ನಾಯಕ ಮತ್ತೆ ತೆರೆಯ ತುಂಬ ಕಾಣಿಸಿಕೊಂಡು, ನೇರವಾಗಿ ನಮ್ಮತ್ತಲೇ ಪಿಸ್ತೂಲು ಹಾರಿಸುವುದೇಕೆ?

ಇದಕ್ಕೆ ಕಾರಣವನ್ನು ಕಥೆಯೊಳಗೆ ಹುಡುಕಿದರೆ ಸಿಗುವುದಿಲ್ಲ. ಚಿತ್ರದ ಉಳಿದ ಭಾಗದಲ್ಲಿ ಕ್ಯಾಮೆರಾ ನಾಟಕ ನೋಡಲು ಬಂದ ಪ್ರೇಕ್ಷಕನಂತೆ ದೂರದಲ್ಲೇ ನಿಂತಿರುತ್ತದೆ. ತಂತಿ ಕಚೇರಿಯ ನೌಕರನನ್ನು ಕಟ್ಟಿಹಾಕುವುದು, ಎಂಜಿನ್ನಿಗೆ ನೀರು ತುಂಬಿಸುವ ತೊಟ್ಟಿಯ ಮರೆಯಿಂದ ಬಂದು ರೈಲು ಹತ್ತುವುದು, ಹಣದ ಪೆಟ್ಟಿಗೆಯನ್ನು ಸಿಡಿಮದ್ದಿನಿಂದ ಒಡೆಯುವುದು, ಪ್ರಯಾಣಿಕರನ್ನು ಕೆಳಗಿಳಿಸಿ ಸಾಲಾಗಿ ನಿಲ್ಲಿಸಿ ದೋಚುವುದು, ಇವೆಲ್ಲ ನಡೆಯುವಾಗ ನಮಗೆ ಆಳುಗಳು ಅಡಿಯಿಂದ ಮುಡಿಯವರೆಗೆ ಕಾಣುತ್ತಾರೆಯೇ ಹೊರತು ಒಂದು ಮುಖವೂ ಮನಸ್ಸಿನಲ್ಲಿ ನಿಲ್ಲುವುದಿಲ್ಲ. ಓಡಲು ಯತ್ನಿಸಿ ಗುಂಡೇಟಿಗೆ ಬೀಳುವ ಪ್ರಯಾಣಿಕನ ಪಾತ್ರ ಮಾಡಿದ ಜಿ. ಎಂ. ಆಂಡರ್ಸನ್ ಇದೇ ಚಿತ್ರದಲ್ಲಿ ಬೇರೆ ಪಾತ್ರಗಳನ್ನೂ ಮಾಡಿದ್ದಾರೆ, ಆದರೆ ಮೊದಲ ಸಲ ನೋಡುವವರಿಗೆ ಅದು ತಿಳಿಯುವುದೇ ಇಲ್ಲ. ಮುಂದೆ ‘ಬ್ರಾಂಕೋ ಬಿಲ್ಲಿ’ಯಾಗಿ ಕೌಬಾಯ್ ಚಿತ್ರಗಳ ಮೊದಲ ತಾರೆ ಎನಿಸಿಕೊಂಡವರು ಇವರೇ.

ಕ್ಯಾಮೆರಾ ಕಾಯ್ದುಕೊಂಡ ಇಷ್ಟು ದೂರವನ್ನು ಒಮ್ಮೆಲೇ ಅಳಿಸಿಹಾಕುವುದಕ್ಕೆಂದೇ, ದರೋಡೆಕೋರರ ನಾಯಕನ ಪಾತ್ರ ಮಾಡಿದ ಜಸ್ಟಸ್ ಡಿ. ಬಾರ್ನ್ಸ್ ಅವರ ಆ ಮುಖ ಬರುತ್ತದೆ. ಇದನ್ನು ಎಲ್ಲಿ ಸೇರಿಸಬೇಕೆಂಬುದನ್ನು ಪೋರ್ಟರ್ ಕೂಡ ಕಟ್ಟುನಿಟ್ಟು ಮಾಡಲಿಲ್ಲ. ಈ ದೃಶ್ಯವನ್ನು ಚಿತ್ರದ ಮೊದಲಲ್ಲಾಗಲಿ ಕೊನೆಯಲ್ಲಾಗಲಿ, ಇಷ್ಟಬಂದ ಕಡೆ ತೋರಿಸಬಹುದೆಂದು ಕಂಪನಿಯ ಮಾರಾಟದ ಪಟ್ಟಿಯೇ ಪ್ರದರ್ಶಕರಿಗೆ ಹೇಳಿತ್ತು. ಆಗ ಚಿತ್ರದ ಸುರುಳಿಯನ್ನು ಕೊಂಡವರು ಕಾರ್ಯಕ್ರಮವನ್ನು ತಮಗೆ ಬೇಕಾದಂತೆ ಜೋಡಿಸಿಕೊಳ್ಳುತ್ತಿದ್ದ ಕಾಲ. ಹೀಗಾಗಿ ನಾವು ದಿಗ್ದರ್ಶಕನ ಹಕ್ಕೆಂದು ತಿಳಿದಿರುವ ಈ ನಿರ್ಧಾರ ಅಂದು ಪ್ರೊಜೆಕ್ಟರಿನ ಪಕ್ಕ ನಿಂತವನ ಕೈಯಲ್ಲಿತ್ತು.

ಕೊನೆಯಲ್ಲಿ ಇರುವ ಪ್ರತಿಯನ್ನೇ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಮೊದಲಲ್ಲೇ ಬಂದರೆ ಅದು ಖಳನ ಪರಿಚಯ ಮಾತ್ರ. ಕೊನೆಯಲ್ಲಿ ಬಂದಾಗ, ಕಳ್ಳರಿಗೆ ತಕ್ಕ ಶಾಸ್ತಿಯಾಯಿತೆಂದು ನಿರಾಳವಾಗಿ ಕುಳಿತ ನಾವು, ಆಗ ಕೈಯೆತ್ತಿ ನಿಂತಿದ್ದ ಪ್ರಯಾಣಿಕರ ಸಾಲಿಗೆ ಸೇರಿಬಿಡುತ್ತೇವೆ.