ಡ್ಯಾನ್ಯೂಬಿನಲ್ಲಿ ಅಮ್ಮ ಈಜಿದ ದಿನ

ಬೇಸಿಗೆಯಲ್ಲಿ ಆಸ್ಟ್ರಿಯಾದ ವಿಯೆನ್ನಾ ನೋಡಲು ಹೋಗುವವರು ಒಂದು ಸಂಗತಿಯನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಜುಲೈ ಮತ್ತು ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿನ ಸಂಗೀತನಾಟಕ ಮಂದಿರವಾದ ಸ್ಟೇಟ್ ಆಪೆರಾಕ್ಕೆ ರಜೆ. ಸಂಗೀತಕ್ಕೆ ಹೆಸರಾದ ಆ ಊರಿಗೆ ಪ್ರವಾಸಿಗರು ತಂಡತಂಡವಾಗಿ ಬಂದಿಳಿಯುವ ಹೊತ್ತಿಗೇ ಹಾಡುವವರು, ನುಡಿಸುವವರು ಬಿಡುವಿನಲ್ಲಿರುತ್ತಾರೆ, ಇಲ್ಲವೇ ಜಾಲ್ಸ್‌ಬುರ್ಗ್‌ನ ಉತ್ಸವಕ್ಕೆ ಹೋಗಿರುತ್ತಾರೆ. ಸ್ಟೀಫನ್ ಕೆಥೆಡ್ರಲ್ ಸುತ್ತಮುತ್ತ ಹಳೆಯ ಕಾಲದ ಜರಿಯಂಚಿನ ಕೋಟು ತೊಟ್ಟ ಹುಡುಗರು ಬಿಸಿಲಿನಲ್ಲಿ ಬೆವರುತ್ತ ನಿಂತು, ಪ್ರವಾಸಿಗರಿಗಾಗಿಯೇ ಏರ್ಪಡಿಸಿದ ಕಛೇರಿಗಳ ಟಿಕೆಟ್ ಮಾರುತ್ತಿರುತ್ತಾರೆ. ನಾನೂ ಅಮ್ಮನೂ ಜುಲೈನಲ್ಲೇ ಹೋದೆವು. ಹತ್ತು ವರ್ಷಗಳಿಂದ ಅಲ್ಲೇ ಕೆಲಸದಲ್ಲಿರುವ ನನ್ನ ತಮ್ಮ ಮೊದಲ ದಿನವೇ ಹೇಳಿದ, “ಅಕ್ಕಾ, ಟಿಕೆಟ್ ಕೊಂಡು ನೋಡುವುದನ್ನೆಲ್ಲ ಬೆಳಗಿನ ಹೊತ್ತು ನೋಡಿಬಿಡೋಣ. ಮಧ್ಯಾಹ್ನದ ಮೇಲೆ ಈ ಊರಿನವರು ಎಲ್ಲಿಗೆ ಹೋಗುತ್ತಾರೋ ಅಲ್ಲಿಗೆ ಹೋಗೋಣ.” ಆ ಮಾತಿನ ಬೆಲೆ ಗೊತ್ತಾದದ್ದು ಒಂದು ಶುಕ್ರವಾರ.

ಅಂದು ಬೆಳಿಗ್ಗೆ ಶ್ಯೋನ್‌ಬ್ರುನ್ ಅರಮನೆಗೆ ಹೋಗಿದ್ದೆವು. 1,441 ಕೋಣೆಗಳಿರುವ ಆ ಮಹಲಿನಲ್ಲಿ ಜನರಿಗೆ ತೋರಿಸುವುದು ನಲವತ್ತರಷ್ಟನ್ನು ಮಾತ್ರ. ಆ ನಲವತ್ತೂ ಚಿನ್ನದ ಲೇಪ, ಪಿಂಗಾಣಿ, ತೂಗುದೀಪಗಳಿಂದ ತುಂಬಿವೆ. ಹಿಂದೆ ಮುಂದೆ ಜನ, ಕಿವಿಗೆ ಅಂಟಿಕೊಂಡ ವಿವರಣೆಯ ಯಂತ್ರ. ಅಮ್ಮ ಮೂರನೆಯ ಕೋಣೆಯಲ್ಲೇ ಕೂರಲು ಕುರ್ಚಿ ಹುಡುಕತೊಡಗಿದರು. ಹೊರಗಿನ ಉದ್ಯಾನಕ್ಕೆ ಮಾತ್ರ ಟಿಕೆಟ್ ಬೇಕಿಲ್ಲ. ಕತ್ತರಿಸಿ ಗೋಡೆಯಂತೆ ನಿಲ್ಲಿಸಿದ ಮರಗಳ ನೆರಳಿನಲ್ಲಿ ಕುಳಿತಾಗ ಅವರ ಮುಖ ಅರಳಿತು. ಅರಮನೆಗಿಂತ ಈ ತೋಟವೇ ಮೇಲು ಎಂದರು. ನನ್ನ ಅಭಿಪ್ರಾಯವೂ ಅದೇ.

ಮನೆಗೆ ಮರಳುವಾಗ ಹೊರಗೆ 34 ಡಿಗ್ರಿ. ನಮ್ಮಲ್ಲಿ ಅದೇನು ದೊಡ್ಡ ಸೆಕೆಯಲ್ಲ. ಆದರೆ ಅಲ್ಲಿನ ಮನೆಗಳನ್ನು ಕಟ್ಟಿರುವುದೇ ಚಳಿಗಾಲದಲ್ಲಿ ಶಾಖ ಹೊರಗೆ ಹೋಗದಂತೆ. ಚಾವಣಿಯಲ್ಲಿ ಫ್ಯಾನ್ ಇಲ್ಲ, ಹೆಚ್ಚಿನ ಮನೆಗಳಲ್ಲಿ ಎಸಿಯೂ ಇಲ್ಲ. ಆದ್ದರಿಂದ ಬಿಸಿಲೇರಿದಂತೆ ಇಡೀ ಊರು ನೀರನ್ನು ಹುಡುಕಿಕೊಂಡು ಹೊರಡುತ್ತದೆ.

ನೀರಿನ ವಿಷಯಕ್ಕೆ ಬಂದರೆ ಆ ಊರನ್ನು ಎಷ್ಟು ಹೊಗಳಿದರೂ ನನಗೆ ಸಾಲದು. ಬೀದಿ ಬದಿಯಲ್ಲಿ, ಉದ್ಯಾನಗಳಲ್ಲಿ, ಮಾರುಕಟ್ಟೆಯ ಮೂಲೆಗಳಲ್ಲಿ ಒಟ್ಟು ಸಾವಿರಕ್ಕೂ ಹೆಚ್ಚು ಕುಡಿಯುವ ನೀರಿನ ನಲ್ಲಿಗಳಿವೆ. ಯಾರು ಬೇಕಾದರೂ ಬಾಟಲಿ ತುಂಬಿಸಿಕೊಳ್ಳಬಹುದು, ಬೊಗಸೆಯೊಡ್ಡಿ ಕುಡಿಯಬಹುದು. ಅದು ಆಲ್ಪ್ಸ್ ಪರ್ವತದ ಒರತೆಯ ನೀರು. ರಾಕ್ಸ್, ಶ್ನೇಬೆರ್ಗ್ ಬೆಟ್ಟಗಳ ಸೀಮೆಯಿಂದ ನೀರು ತರುವ ಮೊದಲ ಕಾಲುವೆ 1873ರಲ್ಲಿ ಸಿದ್ಧವಾಯಿತು, ಎರಡನೆಯದು 1910ರಲ್ಲಿ. ಪಂಪಿನ ನೆರವಿಲ್ಲದೆ, ಇಳಿಜಾರಿನ ಬಲದಿಂದಲೇ ನೂರಾರು ಕಿಲೋಮೀಟರ್ ಹರಿದು ಬರುವ ಆ ನೀರು ಊರು ತಲುಪಲು ಒಂದು ದಿನ, ಒಂದೂವರೆ ದಿನ ಹಿಡಿಯುತ್ತದೆ. ಟ್ಯಾಂಕರಿನ ದಾರಿ ಕಾಯುವ ಬೆಂಗಳೂರಿನ ಬಡಾವಣೆಯಿಂದ ಹೋದ ನನಗೆ ಬೀದಿಯ ನಲ್ಲಿಯಿಂದ ಆ ತಣ್ಣನೆಯ ನೀರು ಕುಡಿಯುವುದೇ ಒಂದು ಸಂಭ್ರಮವಾಗಿತ್ತು. ಅಮ್ಮನಂತೂ ನಲ್ಲಿ ಕಂಡಲ್ಲೆಲ್ಲ ನಿಂತು ಮುಖ ತೊಳೆದುಕೊಳ್ಳುತ್ತಿದ್ದರು.

ಮೂರು ಗಂಟೆಗೆ ತಮ್ಮ, ಅವನ ಹೆಂಡತಿ, ಅವರ ಎಂಟು ವರ್ಷದ ಮಗ, ಅಮ್ಮ, ನಾನು ಮನೆಯಿಂದ ಹೊರಟೆವು. ತಮ್ಮನ ಮನೆ ಇರುವುದು ಕಾಗ್ರಾನ್‌ನಲ್ಲಿ. ಅಲ್ಲಿಂದ ಯು1 ಮೆಟ್ರೊ ಹಿಡಿದರೆ ಮೂರನೆಯ ನಿಲ್ದಾಣವೇ ಡೋನಾವ್‌ಇನ್ಸೆಲ್, ಅಂದರೆ ಡ್ಯಾನ್ಯೂಬ್ ನದಿಯ ದ್ವೀಪ. ಮೆಟ್ರೊದಲ್ಲಿ ಅರ್ಧದಷ್ಟು ಜನರ ಕೈಯಲ್ಲಿ ಟವೆಲ್, ಚಾಪೆ, ಗಾಳಿ ತುಂಬಿದ ಟ್ಯೂಬು. ಕಚೇರಿಯಿಂದ ನೇರವಾಗಿ ಬಂದವರ ಚೀಲದಿಂದಲೂ ಈಜುಡುಗೆ ಇಣುಕುತ್ತಿತ್ತು.

ಈ ದ್ವೀಪ ಪ್ರಕೃತಿ ಕೊಟ್ಟದ್ದಲ್ಲ. 1954ರ ದೊಡ್ಡ ಪ್ರವಾಹ ಊರನ್ನು ಕಂಗೆಡಿಸಿದ ಮೇಲೆ, ನದಿಗೆ ಸಮಾನಾಂತರವಾಗಿ ಇನ್ನೊಂದು ನಾಲೆ ತೋಡುವ ಯೋಜನೆಗೆ 1969ರಲ್ಲಿ ಒಪ್ಪಿಗೆ ಸಿಕ್ಕಿತು. 1972ರಲ್ಲಿ ಶುರುವಾದ ಕೆಲಸ 1988ರವರೆಗೆ ನಡೆಯಿತು. ಆ ನಾಲೆಯೇ ‘ಹೊಸ ಡ್ಯಾನ್ಯೂಬ್’. ಅದನ್ನು ತೋಡುವಾಗ ಎತ್ತಿದ ಮಣ್ಣನ್ನು ಎರಡು ಹರಿವುಗಳ ನಡುವೆ ಸುರಿದಾಗ 21 ಕಿಲೋಮೀಟರ್ ಉದ್ದದ, ಹೆಚ್ಚೆಂದರೆ ಕಾಲು ಕಿಲೋಮೀಟರ್ ಅಗಲದ ದ್ವೀಪ ಎದ್ದಿತು. ಮಾಮೂಲಿ ದಿನಗಳಲ್ಲಿ ನಾಲೆಯ ಬಾಗಿಲುಗಳು ಮುಚ್ಚಿರುವುದರಿಂದ ಒಳಗಿನ ನೀರು ಕೆರೆಯಂತೆ ನಿಂತಿರುತ್ತದೆ. ನದಿ ಉಕ್ಕಿದಾಗ ಬಾಗಿಲು ತೆರೆದು ಹೆಚ್ಚಿನ ನೀರನ್ನು ಅದರೊಳಗೆ ಬಿಡುತ್ತಾರೆ. ನದಿ, ನಾಲೆ ಎರಡೂ ಸೇರಿ ಸೆಕೆಂಡಿಗೆ 14,000 ಘನ ಮೀಟರ್ ನೀರನ್ನು ದಾಟಿಸಬಲ್ಲವು. ಈ ಲೆಕ್ಕಕ್ಕೆ ಆಧಾರ 1501ರ ಮಹಾಪ್ರವಾಹ. 2024ರ ಸೆಪ್ಟೆಂಬರಿನಲ್ಲಿ ಮಧ್ಯ ಯುರೋಪಿನಲ್ಲಿ ಮಳೆ ಹುಚ್ಚೆದ್ದು ಸುರಿದಾಗಲೂ ಈ ನಾಲೆ ತನ್ನ ಕೆಲಸ ಮಾಡಿತು. ತಮ್ಮ ಆಗ ಸೇತುವೆಯ ಮೇಲೆ ನಿಂತು ನೋಡಿದ್ದನಂತೆ. ನಾವೆಲ್ಲ ಚಾಪೆ ಹಾಸಿದ ಕಡೆ ಅಂದು ಕಂದು ಬಣ್ಣದ ನೀರು ಮರದ ದಿಮ್ಮಿಗಳನ್ನು ಹೊತ್ತು ಓಡುತ್ತಿತ್ತು ಎಂದ.

ಪ್ರವಾಹ ತಡೆಯಲು ಮಾಡಿದ ಕಾಮಗಾರಿಗೆ ಬೇಲಿ ಹಾಕಿ, ‘ಪ್ರವೇಶವಿಲ್ಲ’ ಎಂಬ ಫಲಕ ತೂಗುಹಾಕಿ ಕೈತೊಳೆದುಕೊಳ್ಳಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮರ ನೆಟ್ಟರು, ಸೈಕಲ್ ದಾರಿ ಮಾಡಿದರು, ದಡವನ್ನು ಕಾಲಿಡಲು ಹದವಾಗುವಂತೆ ಇಳಿಜಾರಾಗಿಸಿದರು, ಮಕ್ಕಳಿಗೆ ನೀರಾಟದ ಅಂಗಳ ಕಟ್ಟಿದರು. ಎಲ್ಲಕ್ಕೂ ಪ್ರವೇಶ ಉಚಿತ. 1984ರಿಂದ ಪ್ರತಿ ಬೇಸಿಗೆಯಲ್ಲೂ ಇಲ್ಲಿ ಮೂರು ದಿನಗಳ ಸಂಗೀತೋತ್ಸವ ನಡೆಯುತ್ತದೆ. ಅದಕ್ಕೂ ಟಿಕೆಟ್ ಇಲ್ಲ. ಜೂನ್‌ನಲ್ಲೋ ಜುಲೈ ಮೊದಲಿಗೋ ಹೋಗುವವರು ದಿನಾಂಕ ವಿಚಾರಿಸಿಕೊಂಡು ಅದನ್ನು ನೋಡಬಹುದು. ಜನಜಂಗುಳಿ ಆಗದವರು ಆ ಮೂರು ದಿನ ದೂರವಿರುವುದೇ ಮೇಲು.

ನಮ್ಮ ಗುಂಪು ಸೇತುವೆಯಿಂದ ಸ್ವಲ್ಪ ಮೇಲಕ್ಕೆ ನಡೆದು, ಮರದ ಕೆಳಗೆ ಜಾಗ ಹಿಡಿಯಿತು. ಪಕ್ಕದಲ್ಲಿ ಇಬ್ಬರು ಅಜ್ಜಂದಿರು ಚದುರಂಗ ಆಡುತ್ತಿದ್ದರು. ಆಚೆ ಒಂದು ತುರ್ಕಿ ಕುಟುಂಬ ಮೂರು ತಲೆಮಾರಿನೊಂದಿಗೆ ಬಂದು ಚಹಾದ ಜೋಡು ಪಾತ್ರೆಯನ್ನೂ ತಂದಿತ್ತು. ದ್ವೀಪದ ಎರಡು ತುದಿಗಳಲ್ಲಿ ಬಟ್ಟೆಯಿಲ್ಲದೆ ಈಜುವವರಿಗೆ ಬೇರೆ ಜಾಗಗಳಿವೆ. ಅಲ್ಲಿ ಫಲಕಗಳಿರುವುದರಿಂದ ನಮ್ಮಂಥ ಕುಟುಂಬಗಳಿಗೆ ಮುಜುಗರವಾಗುವ ಪ್ರಸಂಗ ಬರುವುದಿಲ್ಲ. ತಮ್ಮನ ಹೆಂಡತಿ ಎಲ್ಲರಿಗೂ ಲಾಂಗೋಶ್ ತಂದಳು. ಅದು ಹಂಗೇರಿಯಿಂದ ಬಂದ ತಿಂಡಿ. ಹುದುಗಿದ ಹಿಟ್ಟನ್ನು ತಟ್ಟೆಯಗಲ ತಟ್ಟಿ, ಎಣ್ಣೆಯಲ್ಲಿ ಕರಿದು, ಬೆಳ್ಳುಳ್ಳಿಯ ರಸ ಸವರಿ ಬಿಸಿಬಿಸಿಯಾಗಿ ಕೊಡುತ್ತಾರೆ. ಸಸ್ಯಾಹಾರಿಗಳು ಹೊಟ್ಟೆತುಂಬ ತಿನ್ನಬಹುದು.

ಅಮ್ಮ ತಿನ್ನುವುದನ್ನು ನಿಲ್ಲಿಸಿ ನೀರಿನ ಕಡೆಗೇ ನೋಡುತ್ತಿದ್ದರು. ಅಲ್ಲಿ ಅವರದೇ ವಯಸ್ಸಿನ, ಎಪ್ಪತ್ತು ದಾಟಿದ ಹೆಂಗಸರು ಮೆಟ್ಟಿಲಿಳಿದು, ಎದೆಗೆ ನೀರು ಎರಚಿಕೊಂಡು, ಮಾತಾಡುತ್ತ ಮಾತಾಡುತ್ತಲೇ ಈಜಿ ಹೋಗುತ್ತಿದ್ದರು. ಬೆಳ್ಳಗಿನ ತಲೆಗಳು ಆಚೆ ದಡ ಮುಟ್ಟಿ ತಿರುಗಿ ಬರುತ್ತಿದ್ದವು.

ಅಮ್ಮನ ತವರು ಉಡುಪಿಯ ಹತ್ತಿರ, ಸ್ವರ್ಣಾ ನದಿಯ ದಂಡೆ. ಮದುವೆಗೆ ಮುಂಚೆ ಹೊಳೆಯಲ್ಲಿ ಅಣ್ಣಂದಿರನ್ನು ಹಿಂದೆ ಹಾಕಿ ಈಜುತ್ತಿದ್ದ ಕಥೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಕಥೆಯಾಗಿಯೇ ಕೇಳಿದ್ದೆವು. ಅವರು ಈಜಿದ್ದನ್ನು ನಮ್ಮಿಬ್ಬರಲ್ಲಿ ಯಾರೂ ಕಂಡಿರಲಿಲ್ಲ. ಮದುವೆಯಾಗಿ ಬಂದ ಊರಿನಲ್ಲಿ ಹೊಳೆ ಇರಲಿಲ್ಲ. ಇದ್ದಿದ್ದರೂ ಸೊಸೆಯೊಬ್ಬಳು ಹೊಳೆಗೆ ಹಾರುವುದನ್ನು ಯಾರು ಒಪ್ಪುತ್ತಿದ್ದರು?

“ನೀರು ಆಳವೇನೋ?” ಎಂದು ತಮ್ಮನನ್ನು ಕೇಳಿದರು.

“ದಡದ ಹತ್ತಿರ ಸೊಂಟದವರೆಗೆ ಅಷ್ಟೇ ಅಮ್ಮಾ. ಕಾಲು ನೆನೆಸಿಕೊಳ್ಳುತ್ತೀಯಾ?”

ಪ್ರಯಾಣಕ್ಕೆಂದು ತೊಟ್ಟಿದ್ದ ಚೂಡಿದಾರ್‌ನಲ್ಲೇ ಅಮ್ಮ ಇಳಿದರು. ಕಾಲು ನೆನೆಸುವುದರಲ್ಲಿ ಮುಗಿಯಲಿಲ್ಲ. ಮೊಣಕಾಲು ಮುಳುಗಿತು, ಸೊಂಟ ಮುಳುಗಿತು. ನಾನು ದಡದಿಂದ “ಸಾಕಮ್ಮಾ” ಎನ್ನುವಷ್ಟರಲ್ಲಿ ಅವರು ಮುಂದಕ್ಕೆ ಬಾಗಿ, ಎರಡೂ ಕೈ ಚಾಚಿ, ನೀರಿನ ಮೇಲೆ ಮಲಗಿಯೇಬಿಟ್ಟರು. ತಮ್ಮ ಗಾಬರಿಯಿಂದ ಪಕ್ಕಕ್ಕೆ ಧಾವಿಸಿದ. ಅವನ ಕೈ ಅವರಿಗೆ ಬೇಕಾಗಲಿಲ್ಲ. ಕತ್ತು ಮೇಲೆತ್ತಿ, ಕಪ್ಪೆಯೀಜಿನಲ್ಲಿ ನಿಧಾನವಾಗಿ ನಾಲ್ಕು ಮಾರು ಹೋದರು, ತಿರುಗಿದರು, ಬಂದರು. “ಅಜ್ಜಿಗೆ ಈಜು ಬರುತ್ತದೆ! ಅತ್ತೇ, ನೋಡಿ!” ಎಂದು ಹುಡುಗ ದಡದುದ್ದಕ್ಕೂ ಕೂಗುತ್ತ ಓಡಿದ. ಚದುರಂಗದ ಅಜ್ಜಂದಿರಲ್ಲಿ ಒಬ್ಬರು ಚಪ್ಪಾಳೆ ತಟ್ಟಿದರು. ನನ್ನ ಕಣ್ಣು ತುಂಬಿ ಬಂದಿತ್ತು. ಐವತ್ತು ವರ್ಷ ಈ ಹೆಂಗಸಿನ ಮೈಯಲ್ಲಿ ಈ ವಿದ್ಯೆ ಸುಮ್ಮನೆ ಕುಳಿತಿತ್ತು. ಅದು ಹೊರಬರಲು ಬೇಕಾಗಿದ್ದದ್ದು ಶುದ್ಧವಾದ ನೀರು, ಇಳಿಯಲು ಸುರಕ್ಷಿತವಾದ ದಡ, ಮತ್ತು ಯಾರೂ ಹುಬ್ಬೇರಿಸದ ವಾತಾವರಣ. ಇವು ಮೂರನ್ನೂ ಒಂದು ನಗರಾಡಳಿತ ಕಷ್ಟಪಟ್ಟು ಒದಗಿಸಿತ್ತು ಎಂಬುದನ್ನು ನಾನು ಮರೆಯಲಾರೆ. ನಮ್ಮ ಊರುಗಳ ಕೆರೆ ಹೊಳೆಗಳ ಬಗ್ಗೆಯೂ ನಾವು ಇಷ್ಟೇ ಹಟದಿಂದ ಕೇಳಬೇಕು.

ಒದ್ದೆ ಬಟ್ಟೆ ಆರುವವರೆಗೆ ದ್ವೀಪದ ಇನ್ನೊಂದು ಮಗ್ಗುಲಿಗೆ ನಡೆದೆವು. ಅಲ್ಲಿ ಹರಿಯುವುದು ನಿಜವಾದ ಡ್ಯಾನ್ಯೂಬ್. ಅದರ ಸೆಳೆತ ಜೋರು. ಅಲ್ಲಿ ಇಳಿಯುವ ಸಾಹಸ ಬೇಡ. ಎದುರು ದಡದಲ್ಲಿ ಉದ್ದನೆಯ ವಿಹಾರ ನೌಕೆಗಳು ಸಾಲಾಗಿ ನಿಂತಿದ್ದವು. ನೌಕೆಯಿಂದ ಇಳಿದವರು ಬಸ್ಸು ಹತ್ತಿ ಅರಮನೆಗಳ ಕಡೆ ಹೋಗುತ್ತಿದ್ದರು. ನದಿಯ ಮೇಲೆಯೇ ದಿನಗಟ್ಟಲೆ ಸಾಗಿ ಬಂದವರಿಗೆ ನೂರಾರು ಮೀಟರ್ ಈಚೆಗಿರುವ ಈ ದಡವನ್ನು ಯಾರಾದರೂ ತೋರಿಸಬೇಕಿತ್ತು ಎನಿಸಿತು. ಟಿಕೆಟ್ ಕೊಟ್ಟು, ಬಟ್ಟೆ ಬದಲಾಯಿಸುವ ಕೋಣೆ, ಊಟದ ಅಂಗಡಿ ಎಲ್ಲ ಇರುವ ಕಡೆ ಈಜಬೇಕೆನ್ನುವವರಿಗೆ ನದಿಯಿಂದ ಬೇರ್ಪಟ್ಟ ಹಳೆಯ ಹರಿವಾದ ‘ಹಳೆಯ ಡ್ಯಾನ್ಯೂಬಿ’ನಲ್ಲಿ ಗೆನ್ಸೆಹೊಯ್ಫೆಲ್ ಎಂಬ ಈಜುತಾಣ ಇದೆ. ನಗರಾಡಳಿತ ಅದನ್ನು ನಡೆಸುತ್ತಿರುವುದು 1907ರಿಂದ.

ಪ್ರಾಟರ್‌ ಉದ್ಯಾನದ ಜಯಂಟ್ ವೀಲನ್ನು ಹಿಂದಿನ ವಾರವೇ ಹತ್ತಿದ್ದೆವು. 1897ರದ್ದು, 65 ಮೀಟರ್ ಎತ್ತರ, ಮಕ್ಕಳಿಗೆ ಹಬ್ಬ. ನನಗೆ ಅದಕ್ಕಿಂತ ಹಿಡಿಸಿದ್ದು ಅಲ್ಲೇ ಪಕ್ಕದಲ್ಲಿ ನಾಲ್ಕು ಕಿಲೋಮೀಟರಿಗೂ ಹೆಚ್ಚು ಉದ್ದಕ್ಕೆ ನೆರಳು ಹಾಸಿದ ಚೆಸ್ಟ್‌ನಟ್ ಮರಗಳ ಸಾಲು. ದೊರೆಗಳ ಬೇಟೆಯ ಕಾಡಾಗಿದ್ದ ಆ ಜಾಗವನ್ನು 1766ರಲ್ಲೇ ಚಕ್ರವರ್ತಿ ಎರಡನೆಯ ಜೋಸೆಫ್ ಜನರಿಗೆ ಬಿಟ್ಟುಕೊಟ್ಟ.

ಸಂಜೆ ಅಮ್ಮ ದಣಿದಿರಬಹುದೆಂದು ಮನೆಗೆ ಹೋಗುವ ಮಾತು ಬಂತು. ಅವರೇ ಒಪ್ಪಲಿಲ್ಲ. ಬಟ್ಟೆ ಬದಲಾಯಿಸಿ, ಪುರಭವನದ ಮುಂದಿನ ರಾಟ್‌ಹೌಸ್‌ಪ್ಲಾಟ್ಸ್ ಚೌಕಕ್ಕೆ ಹೋದೆವು. 1991ರಿಂದ ಪ್ರತಿ ಬೇಸಿಗೆಯಲ್ಲೂ ಅಲ್ಲಿ ಭಾರೀ ಪರದೆ ಕಟ್ಟಿ ಆಪೆರಾ, ಬ್ಯಾಲೆ, ವಾದ್ಯವೃಂದಗಳ ಚಿತ್ರೀಕರಣಗಳನ್ನು ಪುಕ್ಕಟೆಯಾಗಿ ತೋರಿಸುತ್ತಾರೆ. ಬಾಗಿಲು ಮುಚ್ಚಿದ ಆಪೆರಾಕ್ಕೆ ಬದಲಾಗಿ ಬೇಸಿಗೆಯ ಪ್ರವಾಸಿಗರಿಗೆ ಸಿಗುವುದು ಇದು. ಸುತ್ತಲೂ ನಾನಾ ದೇಶಗಳ ತಿಂಡಿಯ ಮಳಿಗೆಗಳು. ಸೂರ್ಯ ಮುಳುಗುವುದೇ ಒಂಬತ್ತರ ಸುಮಾರಿಗೆ, ಕತ್ತಲಾದ ಮೇಲೆ ಚಿತ್ರ. ಕುರ್ಚಿಗೆ ಟಿಕೆಟ್ ಇಲ್ಲವಾದ್ದರಿಂದ ಎಂಟರೊಳಗೆ ಹೋದವರಿಗೆ ಒಳ್ಳೆಯ ಜಾಗ.

ಅಂದು ಇದ್ದದ್ದು ಬ್ಯಾಲೆ. ಅಮ್ಮ ಅದನ್ನು ನೋಡಿದ್ದು ಬಯಲಾಟಕ್ಕೆ ಚಾಪೆ ಹಿಡಿದು ಹೋದವರು ನೋಡುವಂತೆ. ಕೈಯಲ್ಲಿ ಏಪ್ರಿಕಾಟ್ ತುಂಬಿದ ಕಡುಬಿನ ತಟ್ಟೆ, ಬಾಯಲ್ಲಿ ನಿಲ್ಲದ ವಿಮರ್ಶೆ. “ಇವರು ನೆಲ ಬಿಟ್ಟು ಮೇಲಕ್ಕೆ ಏಳಬೇಕು ಎನ್ನುತ್ತಾರೆ. ನಮ್ಮ ವೇಷದವರು ನೆಲವನ್ನೇ ನಡುಗಿಸಬೇಕು ಎನ್ನುತ್ತಾರೆ. ಎರಡಕ್ಕೂ ಮೊಣಕಾಲು ಗಟ್ಟಿಯಿರಬೇಕು ನೋಡು.” ಬಾಲ್ಯದಿಂದ ಯಕ್ಷಗಾನ ನೋಡಿದ ಕಣ್ಣಿಗೆ ಯಾವ ಮಾರ್ಗದರ್ಶಿಯೂ ಬೇಕಿರಲಿಲ್ಲ. ಹಿಂದಿನ ಸಾಲಿನಲ್ಲಿ ಕಚೇರಿ ಮುಗಿಸಿ ಬಂದ ಯುವಕರು, ಮುಂದೆ ಗಾಲಿಕುರ್ಚಿಯಲ್ಲಿ ಕುಳಿತ ವೃದ್ಧರು, ಬದಿಯಲ್ಲಿ ಭುಜದ ಚೀಲಕ್ಕೇ ತಲೆ ಕೊಟ್ಟು ಮಲಗಿ ನೋಡುವ ವಿದ್ಯಾರ್ಥಿ ಪ್ರವಾಸಿಗರು. ಆಪೆರಾ ಮಂದಿರದಲ್ಲಿ ಇವರೆಲ್ಲ ಒಂದೇ ಸಾಲಿನಲ್ಲಿ ಕೂರುವುದಿಲ್ಲ.

ಮುಗಿದಾಗ ಹನ್ನೊಂದು ದಾಟಿತ್ತು. ಶುಕ್ರವಾರ ಮತ್ತು ಶನಿವಾರ ರಾತ್ರಿಯಿಡೀ ಮೆಟ್ರೊ ಓಡುತ್ತದೆ, ಅವಸರವಿರಲಿಲ್ಲ. ಟ್ರಾಮಿನಲ್ಲಿ ಷ್ವೇಡನ್‌ಪ್ಲಾಟ್ಸ್‌ವರೆಗೆ ಬಂದು ಯು1 ಹತ್ತಿದೆವು. ಹುಡುಗ ತಮ್ಮನ ಹೆಗಲ ಮೇಲೆ ನಿದ್ದೆಹೋಗಿದ್ದ. ಗಾಡಿ ಸೇತುವೆ ದಾಟುವಾಗ ಅಮ್ಮ ನನ್ನ ಕಡೆ ತಿರುಗಿ, “ಈ ಚೂಡಿದಾರ್ ನೀರಿನಲ್ಲಿ ಬಹಳ ಭಾರವಾಗುತ್ತದೆ ಕಣೆ. ಮೈತುಂಬ ಮುಚ್ಚುವಂಥ ಈಜುಡುಗೆ ಈ ಊರಿನಲ್ಲಿ ಸಿಗುವುದಿಲ್ಲವೇ?” ಎಂದರು. ಭಾನುವಾರ ಅಲ್ಲಿ ಅಂಗಡಿಗಳು ತೆರೆಯುವುದಿಲ್ಲ, ಶನಿವಾರವೂ ಸಂಜೆ ಆರಕ್ಕೇ ಮುಚ್ಚುತ್ತವೆ. ಆದ್ದರಿಂದ ಮರುದಿನ ಬೆಳಿಗ್ಗೆ ಹತ್ತು ಗಂಟೆಗೆಲ್ಲ ಕಾಗ್ರಾನ್‌ನ ಮಾಲ್‌ನಲ್ಲಿದ್ದೆವು. ಮುಂಗೈವರೆಗೆ ತೋಳು, ಕಾಲಿನವರೆಗೆ ಪಾಯಿಜಾಮ ಇದ್ದ ಗಾಢ ನೀಲಿಯದೊಂದನ್ನು ಅಮ್ಮನೇ ಆರಿಸಿದರು.