ಕ್ಯಾಸಿನೊ ಸುಟ್ಟ ಶನಿವಾರ

4 ಡಿಸೆಂಬರ್ 2021, ಶನಿವಾರ

ಇವತ್ತಿಗೆ ಸರಿಯಾಗಿ ಐವತ್ತು ವರ್ಷ. 1971ರ ಡಿಸೆಂಬರ್ 4 ಕೂಡ ಶನಿವಾರವೇ ಆಗಿತ್ತು. ನಮ್ಮಲ್ಲಿ ಹಿಂದಿನ ಸಂಜೆಯಷ್ಟೇ ಪಾಕಿಸ್ತಾನದ ಜೊತೆ ಯುದ್ಧ ಶುರುವಾಗಿತ್ತು. ಸ್ವಿಟ್ಜರ್‌ಲೆಂಡಿನ ಮಾಂಟ್ರೋ ಅನ್ನೋ ಊರಲ್ಲಿ, ಜಿನೀವಾ ಸರೋವರದ ದಂಡೆಯ ಕ್ಯಾಸಿನೊಗೆ ಬೆಂಕಿ ಬಿತ್ತು ಅಂದರೆ ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವ ಹೊತ್ತಲ್ಲ. ಆದರೆ ಆ ಬೆಂಕಿಯಿಂದ ಹುಟ್ಟಿದ ಹಾಡು ಗೊತ್ತಿಲ್ಲದ ಗಿಟಾರ್ ಹುಡುಗರೇ ಇಲ್ಲ. ಡೀಪ್ ಪರ್ಪಲ್ ಅನ್ನೋ ರಾಕ್ ತಂಡದ 'ಸ್ಮೋಕ್ ಆನ್ ದ ವಾಟರ್'. ಬೆಳಗ್ಗೆಯಿಂದ ಅದೇ ತಲೆಯಲ್ಲಿ ಓಡ್ತಾ ಇದೆ, ಅದಕ್ಕೇ ಬರೆದುಬಿಡೋಣ ಅಂತ ಕೂತೆ.

ಡೀಪ್ ಪರ್ಪಲ್ ಹುಡುಗರು ಇಂಗ್ಲೆಂಡಿನಿಂದ ಅಲ್ಲಿಗೆ ಬಂದಿದ್ದು ಹೊಸ ಆಲ್ಬಂ ಮಾಡೋಕೆ. ಸ್ಟುಡಿಯೋದ ಸಪ್ಪೆ ಸದ್ದು ಬೇಡ, ವೇದಿಕೆ ಮೇಲೆ ನುಡಿಸಿದ ಹಾಗೆ ಕೇಳಬೇಕು ಅಂತ ಅವರ ಆಸೆ. ಅದಕ್ಕೆ ರೋಲಿಂಗ್ ಸ್ಟೋನ್ಸ್ ತಂಡದ ರೆಕಾರ್ಡಿಂಗ್ ಲಾರಿಯನ್ನು ಬಾಡಿಗೆಗೆ ತಂದಿದ್ದರು. ಚಳಿಗಾಲಕ್ಕೆ ಕ್ಯಾಸಿನೊ ಮುಚ್ಚುತ್ತಿತ್ತು. ಫ್ರಾಂಕ್ ಜಾಪಾ ಅನ್ನೋ ಅಮೆರಿಕದ ರಾಕ್ ಸಂಗೀತಗಾರನ ಕಾರ್ಯಕ್ರಮ ಒಂದು ಮುಗಿದರೆ ಜಾಗವೆಲ್ಲ ಇವರದ್ದೇ.

ಆ ಕಾರ್ಯಕ್ರಮದ ನಡುವೆ ಪ್ರೇಕ್ಷಕರಲ್ಲಿ ಯಾರೋ ಒಬ್ಬ ಫ್ಲೇರ್ ಗನ್ ತೆಗೆದು ಚಾವಣಿಗೆ ಹಾರಿಸಿದ. ಸಮುದ್ರದಲ್ಲಿ ಸಿಕ್ಕಿಬಿದ್ದವರು ಆಕಾಶಕ್ಕೆ ಹಾರಿಸುವ ಬೆಂಕಿಯ ಗುಂಡು ಅದು. ಚಾವಣಿ ಹತ್ತಿಕೊಂಡಿತು. ಇಡೀ ಕಟ್ಟಡ ಬೂದಿ. ಜಾಪಾ ತಂಡದ ವಾದ್ಯಗಳೂ ಹೋದವು. ಆದರೆ ಒಂದು ಜೀವವೂ ಹೋಗಲಿಲ್ಲ. ಮಾಂಟ್ರೋ ಜಾಜ್ ಉತ್ಸವವನ್ನು 1967ರಲ್ಲಿ ಶುರುಮಾಡಿದ್ದ ಕ್ಲಾಡ್ ನೋಬ್ಸ್ ಒಳಗೆ ಹೊರಗೆ ಓಡಾಡಿ ಹುಡುಗರನ್ನು ಎಳೆದು ತಂದ. (ಪಾಪ, ಜಾಪಾ! ಒಂದು ವಾರದೊಳಗೆ ಲಂಡನ್ನಿನಲ್ಲಿ ಇನ್ಯಾರೋ ವೇದಿಕೆಯಿಂದಲೇ ಅವನನ್ನು ಕೆಳಗೆ ತಳ್ಳಿದ. ತಿಂಗಳುಗಟ್ಟಲೆ ಗಾಲಿಕುರ್ಚಿ.)

ಹೊಗೆ ಸರೋವರದ ನೀರಿನ ಮೇಲೆ ಹರಡಿಕೊಂಡಿದ್ದನ್ನು ಪರ್ಪಲ್‌ನವರು ನೋಡಿದರು. ಕೆಲವು ದಿನ ಕಳೆದ ಮೇಲೆ ಬೇಸ್ ಗಿಟಾರ್ ನುಡಿಸುವ ರಾಜರ್ ಗ್ಲೋವರ್ ನಿದ್ದೆಯಿಂದ ಎದ್ದಾಗ ಬಾಯಲ್ಲಿ 'ಸ್ಮೋಕ್ ಆನ್ ದ ವಾಟರ್', ಅಂದರೆ ನೀರಿನ ಮೇಲೆ ಹೊಗೆ, ಅನ್ನೋ ಹೆಸರಿತ್ತಂತೆ. ಇದೇನೋ ಗಾಂಜಾ ಹಾಡಿನ ಹೆಸರಿದ್ದ ಹಾಗಿದೆಯಲ್ಲ ಅಂತ ಮೊದಲು ಅಳುಕಿದ್ದೂ ಉಂಟು.

ನನಗೆ ಜಾಸ್ತಿ ಇಷ್ಟವಾಗೋದು ಇದರ ಮುಂದಿನ ಕಥೆ. ಕ್ಯಾಸಿನೊ ಹೋದ ಮೇಲೆ ನೋಬ್ಸ್ ಈ ತಂಡಕ್ಕೆ ಪೆವಿಲಿಯನ್ ಅನ್ನೋ ಹಳೇ ಥಿಯೇಟರ್ ಹುಡುಕಿಕೊಟ್ಟ. ರಾತ್ರಿ ಹೊತ್ತು ನುಡಿಸೋಕೆ ಶುರುಮಾಡಿದರು. ಅಕ್ಕಪಕ್ಕದವರ ನಿದ್ದೆ ಕೆಟ್ಟಿತು, ಪೊಲೀಸರು ಬಂದರು. ಒಳಗೆ ಟೇಪ್ ಓಡ್ತಾ ಇದೆ. ಸಾಮಾನು ಹೊರುವ ಹುಡುಗರೆಲ್ಲ ಬಾಗಿಲಿಗೆ ಒತ್ತಿ ನಿಂತರು, ಹೊರಗಿನಿಂದ ಪೊಲೀಸರು ಬಡೀತಾ ಇದ್ದರು. ಅಷ್ಟರಲ್ಲಿ ಒಂದು ಟ್ಯೂನ್ ಪೂರ್ತಿ ಟೇಪಿಗೆ ಬಂತು. ಅದಕ್ಕಿನ್ನೂ ಮಾತಿಲ್ಲ, ಹೆಸರಿಲ್ಲ. ಸುಮ್ನೆ 'ಟೈಟಲ್ ನಂಬರ್ ಒನ್'.

ಅಲ್ಲಿಂದಲೂ ಗಂಟುಮೂಟೆ ಕಟ್ಟಬೇಕಾಯಿತು. ಚಳಿಗಾಲಕ್ಕೆ ಬೀಗ ಹಾಕಿದ್ದ ಗ್ರ್ಯಾಂಡ್ ಹೋಟೆಲ್ ಸಿಕ್ಕಿತು. ಕಾರಿಡಾರಿನಲ್ಲಿ ಹಾಸಿಗೆಗಳನ್ನು ಅಡ್ಡ ನಿಲ್ಲಿಸಿ ಅದನ್ನೇ ಸ್ಟುಡಿಯೋ ಮಾಡಿಕೊಂಡರು. ಲಾರಿ ಹೊರಗೆ. ನುಡಿಸಿದ್ದನ್ನು ಕೇಳಬೇಕು ಅಂದರೆ ರೂಮುಗಳನ್ನು ಹಾದು, ಬಾಲ್ಕನಿ ದಾಟಿ, ಚಳಿಯಲ್ಲಿ ಸುತ್ತಿಕೊಂಡು ಹೋಗಬೇಕು. ಸಾಕಪ್ಪಾ ಸಾಕು ಅಂತ ಕೇಳೋದನ್ನೇ ಬಿಟ್ಟರಂತೆ. ಸರಿ ಬಂತು ಅನ್ನಿಸಿದರೆ ಮುಂದಿನ ಹಾಡು. ಆ ಆಲ್ಬಮ್ಮಿನ ಬಿಸಿ ಅಲ್ಲಿಂದಲೇ ಬಂದಿದ್ದು ಅಂತ ನನ್ನ ನಂಬಿಕೆ.

ಕೊನೆಗೆ ನೋಡಿದರೆ ಆಲ್ಬಂ ತುಂಬೋಕೆ ಇನ್ನೂ ಕೆಲವು ನಿಮಿಷ ಕಡಿಮೆ. ಆಗ ಪೆವಿಲಿಯನ್ನಿನ ಟ್ಯೂನ್ ನೆನಪಾಯಿತು. ಮಾತು ಎಲ್ಲಿಂದ ತರೋದು? ನಡೆದದ್ದನ್ನೇ ಬರೆದರು, ಪೊಲೀಸರ ಮಹಜರಿನ ಹಾಗೆ. ಎಲ್ಲಿಗೆ ಬಂದೆವು, ಯಾರ ಕಾರ್ಯಕ್ರಮ, ಏನು ಸುಟ್ಟಿತು, ಯಾರು ಕಾಪಾಡಿದರು, ಆಮೇಲೆ ಎಲ್ಲಿಗೆ ಹೋದೆವು. ಜಾಪಾ ಇದ್ದಾನೆ, ಕ್ಲಾಡ್ ಇದ್ದಾನೆ, ಲಾರಿಯೂ ಇದೆ. ಪ್ರೀತಿ ಪ್ರೇಮ ಒಂದೂ ಇಲ್ಲ. ಇಯಾನ್ ಗಿಲನ್ ಅದನ್ನೇ ಗಂಟಲು ಬಿಟ್ಟು ಹಾಡಿದ.

ಇನ್ನು ಆ ರಿಫ್, ಅಂದರೆ ಹಾಡಿನಲ್ಲಿ ಮತ್ತೆ ಮತ್ತೆ ಬರುವ ಗಿಟಾರ್ ತುಣುಕು. ಸರಳೆ ಕಲಿತವರಿಗೆ ಹೀಗೆ ಹೇಳಬಹುದು: ಸ ಗ ಮ, ಸ ಗ ಮ ಮ, ಸ ಗ ಮ ಗ ಸ. ಗ ಅಂದರೆ ಸಾಧಾರಣ ಗಾಂಧಾರ. ನಡುವೆ ಎರಡು ಮ ಬರುತ್ತಲ್ಲ, ಮೊದಲನೆಯದು ಪ್ರತಿ ಮಧ್ಯಮ, ಆಮೇಲೆ ಶುದ್ಧ. ಅಷ್ಟೇ, ನಾಲ್ಕು ಸ್ವರ. ಹುಡುಗರು ಒಂದೇ ತಂತಿಯ ಮೇಲೆ ಪಿಕ್ ಹಾಕಿ ಬಾರಿಸುತ್ತಾರೆ. ತಂಡದ ಗಿಟಾರ್ ವಾದಕ ರಿಚಿ ಬ್ಲ್ಯಾಕ್‌ಮೋರ್ ಎರಡು ತಂತಿಗಳನ್ನು ಒಟ್ಟಿಗೆ ಬೆರಳಲ್ಲೇ ಮೀಟುತ್ತಾನೆ. ಎರಡರ ನಡುವೆ ಸ-ಮ ಅಂತರ. ಆ ಗಡಸುತನ ಬರೋದು ಅದರಿಂದಲೇ. ಹೆಡ್‌ಫೋನ್ ಹಾಕಿ ಕೇಳಿ: ಮೊದಲು ಗಿಟಾರ್ ಒಂದೇ. ಆಮೇಲೆ ಡ್ರಮ್ಸ್ ಬಾರಿಸುವ ಇಯಾನ್ ಪೇಸ್‌ನ ಹೈ-ಹ್ಯಾಟ್ (ಡ್ರಮ್ಸ್ ಜೊತೆಗಿರುವ ಜೋಡಿ ತಾಳ) ಚಿಕ್ಕಚಿಕ್ಕದಾಗಿ ಸೇರಿಕೊಳ್ಳುತ್ತೆ. ಆಮೇಲೆ ಜಾನ್ ಲಾರ್ಡ್‌ನ ಹ್ಯಾಮಂಡ್ ಆರ್ಗನ್ ಅದೇ ರಿಫ್ ಹಿಡಿಯುತ್ತೆ. ಅದನ್ನು ಅವನು ಗಿಟಾರಿನವರ ಮಾರ್ಷಲ್ ಆಂಪ್ಲಿಫೈಯರ್‌ಗೇ ಕೊಟ್ಟು ಒರಟು ಮಾಡಿಕೊಂಡಿದ್ದ. ಎಷ್ಟೋ ಜನ ಅದನ್ನೂ ಗಿಟಾರ್ ಅಂದುಕೊಂಡಿದ್ದಾರೆ. ಆಮೇಲೆ ಡ್ರಮ್ಸ್, ಕೊನೆಗೆ ಬೇಸ್.

1972ರ ಮಾರ್ಚ್‌ನಲ್ಲಿ 'ಮೆಷಿನ್ ಹೆಡ್' ಅನ್ನೋ ಹೆಸರಲ್ಲಿ ಆ ಆಲ್ಬಂ ಬಂತು. ಈ ಹಾಡು ಓಡುತ್ತೆ ಅಂತ ತಂಡಕ್ಕೆ ಅನ್ನಿಸಿರಲಿಲ್ಲ. ಕೇಳಿದ ಕೂಡಲೇ ಇದು ದೊಡ್ಡದಾಗುತ್ತೆ ಅಂದಿದ್ದು ನೋಬ್ಸ್. ಸಿಂಗಲ್ ಆಗಿ, ಅಂದರೆ ಬಿಡಿ ಹಾಡಿನ ರೆಕಾರ್ಡ್ ಆಗಿ, ಬಿಟ್ಟಿದ್ದು 1973ರಲ್ಲಿ, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ನಾಲ್ಕನೇ ಸ್ಥಾನ. 2001ರಲ್ಲಿ ತಂಡ ನಮ್ಮ ಬೆಂಗಳೂರಿಗೂ ಬಂತು. ಅಷ್ಟೊತ್ತಿಗೆ ಬ್ಲ್ಯಾಕ್‌ಮೋರ್ ಬಿಟ್ಟು ಹೋಗಿ, ಗಿಟಾರ್ ಸ್ಟೀವ್ ಮೋರ್ಸ್ ಕೈಲಿತ್ತು.

ಆಲ್ಬಮ್ಮಿನಿಂದ ಹಿಟ್ ಆಗುತ್ತೆ ಅಂತ ಅವರು ನೆಚ್ಚಿಕೊಂಡಿದ್ದು 'ನೆವರ್ ಬಿಫೋರ್' ಅನ್ನೋ ಹಾಡನ್ನು. ಸಂಜೆ ಅದನ್ನೂ ಹಾಕಿ ಕೇಳಿದೆ. ಚೆನ್ನಾಗೇ ಇದೆ. ಆದರೆ ಮುಗಿದ ಮೇಲೆ ಕಾಫಿ ಮಾಡ್ತಾ ಗುನುಗೋಣ ಅಂದರೆ ಒಂದು ಸಾಲೂ ನೆನಪಾಗಲಿಲ್ಲ.