"ದುಡ್ಡು ಹೋಗಿದೆ" ಅಂತ ಮೂರು ಸಲ ಹೇಳಿ ಕಳಿಸಿದೆ

ಮಧುಗಿರಿ ತಾಲೂಕಿನ ಒಂದು ಹೋಬಳಿಯಲ್ಲಿ ನನ್ನ ಕೆಲಸ. ರೈತರಿಗೆ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಮಾಡಿಕೊಡುವುದು, ಅದಕ್ಕೆ ಸರ್ವೆ ನಂಬರ್ ಸೇರಿಸುವುದು. ಇಡೀ ದಿನ ಕಂಪ್ಯೂಟರ್ ಮುಂದೆ.

2023ರ ಬರ ನೆನಪಿದೆಯಲ್ವಾ? ರಾಜ್ಯದ 223 ತಾಲೂಕು ಬರದ ಪಟ್ಟಿಯಲ್ಲಿದ್ದವು. ಮೊದಲು ರಾಜ್ಯ ಸರ್ಕಾರ ಬೆಳೆ ಹೋದ ರೈತರಿಗೆ ಬರ ಪರಿಹಾರ ಅಂತ 2,000 ರೂಪಾಯಿವರೆಗೆ ಒಂದು ಕಂತು ಹಾಕಿತು. ಕೇಂದ್ರದಿಂದ 3,454 ಕೋಟಿ ಬಂದ ಮೇಲೆ, 2024ರ ಮೇನಲ್ಲಿ ಉಳಿದದ್ದು ಬಂತು. ಆಗ ಶುರುವಾಯಿತು ನೋಡಿ, ಜನ ಕೇಳಿಕೊಂಡು ಬರೋದು. ಪಕ್ಕದ ಹೊಲದವನಿಗೆ ಬಂದು ತನಗೆ ಬರದಿದ್ದರೆ ಯಾರು ತಾನೇ ಸುಮ್ನೆ ಕೂರುತ್ತಾರೆ?

ಒಬ್ಬರು ತಾತ. ಮಳೆ ನಂಬಿ ಎರಡೂವರೆ ಎಕರೆ ಕಡ್ಲೆಕಾಯಿ ಹಾಕಿದ್ದರು. ಮಳೆ ಆಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ. ಎರಡೂವರೆ ಎಕರೆ ಅಂದರೆ ಒಂದು ಹೆಕ್ಟೇರ್ ಚಿಲ್ಲರೆ, ಒಟ್ಟು ಸುಮಾರು 8,600. ಪಟ್ಟಿಯಲ್ಲಿ ಹೆಸರಿತ್ತು, ಹಣ ಜಮಾ ಅಂತಲೂ ಇತ್ತು. "ದುಡ್ಡು ಹೋಗಿದೆ ತಾತ, ಬ್ಯಾಂಕಲ್ಲಿ ಕೇಳಿ" ಅಂದೆ. ಬ್ಯಾಂಕಿನವರು ಪಾಸ್‌ಬುಕ್ ಎಂಟ್ರಿ ಹಾಕಿ "ಏನೂ ಬಂದಿಲ್ಲ" ಅಂದರು. ಹೀಗೇ ಮೂರು ಸಲ. ಪ್ರತಿ ಸಲ ಅವರಿಗೆ ಬಸ್ ಚಾರ್ಜು, ಒಂದು ದಿನದ ಕೂಲಿ.

ಮೊದಲ ದಿನವೇ ಅವರು ಇನ್ನೊಂದು ಮಾತು ಹೇಳಿದ್ದರು. "ಆ ಎರಡ್ ಸಾವ್ರುದ್ದೂ ನಿಂತೋಗೈತೆ ಕಣವ್ವ, ಓದ್ವರ್ಷದಿಂದ." ಪಿಎಂ ಕಿಸಾನ್ ದುಡ್ಡು. ಅದು ಬೇರೆ ವಿಷಯ ಅಂತ ನಾನು ಕಿವಿಗೇ ಹಾಕಿಕೊಳ್ಳಲಿಲ್ಲ. ಎರಡೂ ಆಧಾರ್ ಮೇಲೆ ಹೋಗುವ ದುಡ್ಡು, ಎರಡೂ ಒಟ್ಟಿಗೆ ಕಾಣೆಯಾಗಿವೆ ಅಂದಮೇಲೆ ತಲೆಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಸರದಿ ಉದ್ದ ಇತ್ತು ಅನ್ನೋದು ನೆಪ ಅಷ್ಟೆ.

ನಾಲ್ಕನೇ ಸಲ ಬಂದಾಗ ಕೂರಿಸಿಕೊಂಡು ನನ್ನ ಫೋನಿನಲ್ಲೇ, ಸರ್ಕಾರದ ದುಡ್ಡು ಯಾವ ಖಾತೆಗೆ ಹೋಗಿದೆ ಅಂತ ತೋರಿಸುವ ಡಿಬಿಟಿ ಕರ್ನಾಟಕ ಆ್ಯಪ್ ತೆರೆದೆ. ಒಟಿಪಿ ಅವರ ಬಟನ್ ಫೋನಿಗೆ ಬರಬೇಕು. ಮೆಸೇಜ್ ಬಾಕ್ಸ್ ತುಂಬಿತ್ತು. ಹಳೇ ಮೆಸೇಜುಗಳನ್ನು ಒಂದೊಂದಾಗಿ ಅಳಿಸಿ, ಎರಡನೇ ಸಲ ಒಟಿಪಿ ತರಿಸಿದೆ. ತೆರೆದರೆ ಬ್ಯಾಂಕಿನ ಹೆಸರೇ ಬೇರೆ! ಯಾವುದೋ ಪೇಮೆಂಟ್ಸ್ ಬ್ಯಾಂಕ್. ತಾತ ಆ ಹೆಸರನ್ನೇ ಕೇಳಿಲ್ಲ.

"ಹೋದ ವರ್ಷ ಹೊಸ ಸಿಮ್ ಏನಾದರೂ ತಗೊಂಡ್ರಾ?"

"ಊ ಕಣವ್ವ. ಅಂಗಡೀಲಿ ಎರಡ್ ಸಲ ಹೆಬ್ಬೆಟ್ಟು ಒತ್ತಿಸ್ಕೊಂಡ."

ಒಂದು ಸಲ ಸಿಮ್ಮಿಗೆ, ಇನ್ನೊಂದು ಸಲ ಆ ಪೇಮೆಂಟ್ಸ್ ಬ್ಯಾಂಕಿನ ಖಾತೆಗೆ. ಆಧಾರ್‌ಗೆ ಕೊನೆಗೆ ಯಾವ ಖಾತೆ ಜೋಡಣೆ ಆಗಿದೆಯೋ ದುಡ್ಡು ಅಲ್ಲಿಗೇ ಹೋಗುತ್ತದೆ. ಪಾಸ್‌ಬುಕ್ ಎಷ್ಟು ಹಳೆಯದು ಅನ್ನೋದಕ್ಕೆ ಅಲ್ಲಿ ಬೆಲೆಯಿಲ್ಲ. ಬರದ ದುಡ್ಡು, ಕಿಸಾನ್ ಕಂತುಗಳು, ಎಲ್ಲವೂ ಅಲ್ಲೇ ಬಿದ್ದಿದ್ದವು. ಹೆಬ್ಬೆಟ್ಟು ಕೊಟ್ಟು ಬಿಡಿಸಿಕೊಂಡರು. ಆಮೇಲೆ ಹಳೇ ಬ್ಯಾಂಕಿಗೆ ಅರ್ಜಿ ಕೊಟ್ಟು ಎನ್‌ಪಿಸಿಐ ಜೋಡಣೆಯನ್ನು (ಆಧಾರ್‌ಗೆ ಖಾತೆ ಸೇರಿಸುವುದನ್ನು) ಮತ್ತೆ ಅಲ್ಲಿಗೇ ಮಾಡಿಸಿದೆವು.

ಈಗ ನಾನು ಪಾಸ್‌ಬುಕ್ ಮುಟ್ಟುವುದಕ್ಕೆ ಮುಂಚೆ ಎರಡು ಪ್ರಶ್ನೆ ಕೇಳುತ್ತೇನೆ. ಬೇರೆ ಯಾವ ದುಡ್ಡು ನಿಂತಿದೆ? ಕೊನೆಗೆ ಎಲ್ಲಿ ಹೆಬ್ಬೆಟ್ಟು ಕೊಟ್ಟಿರಿ? ದುಡ್ಡು ಹೋದ ಬ್ಯಾಂಕಿನ ಹೆಸರನ್ನು ಚೀಟಿಯಲ್ಲಿ ಬರೆದು ಕೈಗೆ ಕೊಡುತ್ತೇನೆ. ಬಾಯಲ್ಲಿ ಹೇಳಿದರೆ ಬಸ್ ಹತ್ತುವಷ್ಟರಲ್ಲಿ ಮರೆತುಹೋಗುತ್ತದೆ.

ತಾತನದು ಇನ್ನೊಂದು ತುಂಡು ಇದೆ, ಒಂದು ಎಕರೆ ಹತ್ತು ಗುಂಟೆ. ಅಲ್ಲೂ ಕಡ್ಲೆಕಾಯಿ ಒಣಗಿತ್ತು. ಪಹಣಿ ಇನ್ನೂ ಅವರ ಅಪ್ಪನ ಹೆಸರಲ್ಲಿದೆ. ಹಾಗಾಗಿ ಇವರ ಐಡಿಗೆ ಸೇರಲಿಲ್ಲ, ಅದಕ್ಕೆ ಒಂದು ರೂಪಾಯಿಯೂ ಬರಲಿಲ್ಲ. ಪೌತಿ ಖಾತೆ ಮಾಡಿಸಿ, ಅಂದರೆ ತೀರಿಕೊಂಡ ಅಪ್ಪನ ಜಮೀನನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ ಅಂದೆ. ಅದಕ್ಕೆ ಮರಣ ಪ್ರಮಾಣ ಪತ್ರ ಬೇಕು.

"ಅಪ್ಪ ಯಾವ ವರ್ಷ ತೀರಿಕೊಂಡರು ತಾತ?"

"ಕೆರೆ ಕೋಡಿ ಬಿತ್ತಲ್ಲ, ಆ ವರ್ಷ."

ಕೆರೆ ಯಾವಾಗ ಕೋಡಿ ಬಿತ್ತು ಅಂತ ಊರಲ್ಲಿ ವಿಚಾರಿಸುತ್ತಿದ್ದೇವೆ.